ಒಂದನೆಯ ಅಲಿ ಆದಿಲ್‌ಶಾಹ: ಒಂದು ಮರಣ ಮತ್ತು ಅದರ ಮೇಲಿನ ಧಾರ್ಮಿಕ ತೀರ್ಪುಗಳು

ಆದಿಲ್‌ಶಾಹಿ ಮನೆತನದ ಐದನೆಯ ಅರಸನಾದ ಒಂದನೆಯ ಅಲಿ ಆದಿಲ್‌ಶಾಹನ ಹೆಸರು ಕರ್ನಾಟಕದ ಚರಿತ್ರೆಯ ಓದುಗರಿಗೆ ಎರಡು ಕಾರಣಗಳಿಂದ ಪರಿಚಿತವಾಗಿದೆ. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಬಯಲಿನಲ್ಲಿ ವಿಜಯನಗರವನ್ನು ಮಣಿಸಿದ ಸುಲ್ತಾನರಲ್ಲಿ ಅವನೂ ಒಬ್ಬ. ಚಾಂದಬೀಬಿಯ ಪತಿಯೂ ಅವನೇ. ಮೂರನೆಯ ಸಂಗತಿಯೊಂದುಂಟು. ಅದನ್ನು ನಮ್ಮ ಗ್ರಂಥಗಳು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತವೆ, ಇಲ್ಲವೇ ಹೇಳದೆಯೇ ಬಿಡುತ್ತವೆ. 1580ರ ಏಪ್ರಿಲ್‌ನಲ್ಲಿ ತನ್ನ ಅರಮನೆಯಲ್ಲಿಯೇ ಬೀದರಿನಿಂದ ತರಿಸಿಕೊಂಡಿದ್ದ ಒಬ್ಬ ಖೋಜಾನ ಕೈಯಿಂದ ಅವನು ಕೊಲೆಯಾದನು. ಆ ಖೋಜಾನನ್ನು ಅವನು ಬಯಸಿದ್ದನೆಂಬುದೇ ಕೊಲೆಗೆ ಕಾರಣವೆಂದು ಪರ್ಷಿಯನ್ ಚರಿತ್ರಕಾರರು ಬರೆದಿದ್ದಾರೆ. ಈ ಮರಣದ ನೆರಳು ಇಡೀ ಬದುಕಿನ ಮೇಲೆ ಬಿದ್ದಿದೆ. ಆ ಬದುಕನ್ನು ಮೊದಲಿನಿಂದ ನೋಡಿ, ಬಳಿಕ ಮರಣಕ್ಕೆ ಬಂದು, ಅದರ ಮೇಲೆ ಯಾವ ಧರ್ಮದ ಯಾವ ತೀರ್ಪು ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಲಿಯ ಬಾಲ್ಯವೇ ಧರ್ಮದ ತಕರಾರಿನಲ್ಲಿ ಕಳೆಯಿತು. ವಂಶದ ಸ್ಥಾಪಕ ಯೂಸುಫ್ ಆದಿಲ್‌ಶಾಹನು ಶಿಯಾ ಪಂಥವನ್ನು ರಾಜ್ಯದ ಮತವೆಂದು ಸಾರಿದ್ದನು. ಅಲಿಯ ತಂದೆ ಒಂದನೆಯ ಇಬ್ರಾಹಿಂ 1534ರಲ್ಲಿ ಪಟ್ಟಕ್ಕೆ ಬಂದು ಅದನ್ನು ತೊರೆದು ಸುನ್ನಿಗಳ ಹನಫಿ ಪಂಥವನ್ನು ಸ್ವೀಕರಿಸಿದನು. ಮಗ ಅಜ್ಜ-ಮುತ್ತಜ್ಜರ ಪಂಥದತ್ತ ಒಲಿದನೆಂದು ತಿಳಿದಾಗ ತಂದೆ ಮಗನ ಗುರುವನ್ನು ಕೊಲ್ಲಿಸಿದನೆಂದೂ, ಅನಂತರ ಬಂದ ಗುರುವು ಹೊರಗೆ ಹನಫಿಯಾಗಿ ಒಳಗೆ ಶಿಯಾ ಆಗಿಯೇ ಉಳಿದಿದ್ದನೆಂದೂ ಫಿರಿಶ್ತಾ ಹೇಳುತ್ತಾನೆ. ಪ್ರಾಣಾಪಾಯವಿದ್ದಾಗ ನಂಬಿಕೆಯನ್ನು ಮರೆಮಾಡುವ ಈ ನಡೆಗೆ ಶಿಯಾ ಪಂಥದಲ್ಲಿ ತಕಿಯ್ಯಾ ಎಂಬ ಹೆಸರೂ ಶಾಸ್ತ್ರದ ಸಮ್ಮತಿಯೂ ಇವೆ. ತಾನು ಏನೆಂಬುದನ್ನು ಹೊರಗೆ ತೋರಗೊಡದೆ ಬದುಕುವ ವಿದ್ಯೆಯನ್ನು ಅಲಿ ಎಳವೆಯಲ್ಲಿಯೇ ಕಂಡಿದ್ದನು. ಕೊನೆಗೆ ತಂದೆ ಅವನನ್ನು ಮೀರಜ ಕೋಟೆಯಲ್ಲಿ ಕಾವಲಿನಲ್ಲಿರಿಸಿದನು. 1558ರಲ್ಲಿ ತಂದೆ ತೀರಿದಾಗ ಅಲಿ ಅಲ್ಲಿಂದಲೇ ಬಂದು ಸಿಂಹಾಸನವೇರಿ ಶಿಯಾ ಖುತ್ಬಾವನ್ನು ಮತ್ತೆ ಓದಿಸಿದನು.

ಆದರೆ ಅವನನ್ನು ಬರಿಯ ಪಂಥನಿಷ್ಠನೆಂದು ತಿಳಿಯುವುದು ತಪ್ಪಾದೀತು. 1561ರಲ್ಲಿ ಗೋವೆಯಿಂದ ಕ್ರೈಸ್ತ ಪಾದ್ರಿಗಳನ್ನು ಕರೆಸಿಕೊಂಡು ಅವರ ಮಾತನ್ನು ಕೇಳಿದನು. ಅಕ್ಬರನ ಆಸ್ಥಾನಕ್ಕೆ ಜೆಸುಯಿಟರ ಮೊದಲ ತಂಡ ತಲುಪಿದ್ದು 1580ರಲ್ಲಿ ಎಂಬುದನ್ನು ನೆನೆದರೆ ವಿಜಯಪುರದ ಈ ಕುತೂಹಲ ಎಷ್ಟು ಮುಂಚಿನದೆಂಬುದು ಸ್ಪಷ್ಟವಾಗುತ್ತದೆ. ಅವನ ಗ್ರಂಥಭಂಡಾರದಲ್ಲಿ ವಾಮನ ಪಂಡಿತನಂಥ ಸಂಸ್ಕೃತಜ್ಞರಿಗೆ ಸಂಬಳವಿತ್ತು. ಪಯಣದಲ್ಲಿಯೂ ಪೆಟ್ಟಿಗೆಗಟ್ಟಲೆ ಪುಸ್ತಕಗಳನ್ನು ಒಯ್ಯುತ್ತಿದ್ದನೆಂದು, ಅವನ ಅರಮನೆಯಲ್ಲಿ ಸೇವೆಯಲ್ಲಿದ್ದ ರಫೀಉದ್ದೀನ್ ಶಿರಾಜಿ ತನ್ನ ತಜ್ಕಿರತುಲ್ ಮುಲೂಕ್‌ನಲ್ಲಿ ಹೇಳಿದ್ದಾನೆ. ಪರ್ಷಿಯಾದ ಮಹಾ ವಿದ್ವಾಂಸ ಫತಹುಲ್ಲಾ ಶಿರಾಜಿಯನ್ನು ದಖನಿಗೆ ಕರೆಸಿದವನೂ ಇವನೇ. ಆ ವಿದ್ವಾಂಸನು ಅಲಿಯ ತರುವಾಯ 1583ರಲ್ಲಿ ಅಕ್ಬರನ ಬಳಿಗೆ ಹೋದನು.

1570ರ ನುಜೂಮುಲ್ ಉಲೂಮ್ ಎಂಬ ಸಚಿತ್ರ ಗ್ರಂಥ ಇಂದು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಎಂಟುನೂರಕ್ಕೂ ಹೆಚ್ಚು ಚಿತ್ರಗಳುಳ್ಳ ಈ ಕೃತಿಯ ಕರ್ತೃ ಅಲಿಯೇ ಎಂಬ ವಾದವನ್ನು ಎಮ್ಮಾ ಫ್ಲಾಟ್ ಅವರು 2011ರಲ್ಲಿ ಮಂಡಿಸಿದ್ದಾರೆ. ಜ್ಯೋತಿಷ್ಯ, ಮಂತ್ರವಿದ್ಯೆ, ಆಯುಧ, ಕುದುರೆ, ಆನೆ ಮುಂತಾದ ವಿಷಯಗಳ ನಡುವೆ ರೂಹಾನಿಗಳೆಂಬ ಶಕ್ತಿಗಳ ಒಂದು ದೊಡ್ಡ ಭಾಗವಿದೆ. ಇವುಗಳಲ್ಲಿ ಹೆಚ್ಚಿನವು ಸ್ತ್ರೀರೂಪದವು. ನಮ್ಮ ಯೋಗಿನಿಯರಿಗೂ ಶಕ್ತಿದೇವತೆಗಳಿಗೂ ತೀರ ಹತ್ತಿರದವು. ಮುಸ್ಲಿಂ ಅರಸನ ಗ್ರಂಥದಲ್ಲಿ ದಖನಿನ ದೇವಿಯರು ಇಷ್ಟು ಸಹಜವಾಗಿ ಬಂದು ಕುಳಿತಿರುವುದು ಸಣ್ಣ ಸಂಗತಿಯಲ್ಲ.

ಇಷ್ಟರಿಂದ ಅವನನ್ನು ಸರ್ವಧರ್ಮ ಸಮನ್ವಯದ ಮೂರ್ತಿಯೆಂದು ಚಿತ್ರಿಸಲೂ ಬಾರದು. ಪಟ್ಟಕ್ಕೆ ಬಂದ ಹೊಸದರಲ್ಲಿ ರಾಮರಾಯನ ಮಗ ತೀರಿಕೊಂಡಾಗ ಕೆಲವೇ ಪರಿವಾರದೊಂದಿಗೆ ವಿಜಯನಗರಕ್ಕೆ ಹೋಗಿ ಸಾಂತ್ವನ ಹೇಳಿದನು. ರಾಮರಾಯನ ಪತ್ನಿ ಅವನನ್ನು ಮಗನೆಂದು ಭಾವಿಸಿದಳು. ಅದೇ ಅಲಿ ಕೆಲವೇ ವರ್ಷಗಳಲ್ಲಿ ಅಹಮದನಗರದ ಹುಸೇನ್ ನಿಜಾಮಶಾಹನ ಮಗಳು ಚಾಂದಬೀಬಿಯನ್ನು ಮದುವೆಯಾಗಿ, ಸೊಲ್ಲಾಪುರ ಕೋಟೆಯನ್ನು ಬಳುವಳಿಯಾಗಿ ಪಡೆದು, ರಾಮರಾಯನ ವಿರುದ್ಧದ ಒಕ್ಕೂಟಕ್ಕೆ ಸೇರಿದನು. 1570-71ರಲ್ಲಿ ಗೋವೆಯ ಪೋರ್ಚುಗೀಸರ ಮೇಲೆ ನಡೆಸಿದ ಮುತ್ತಿಗೆ ಫಲಿಸಲಿಲ್ಲ. ಬಂಕಾಪುರವನ್ನು ಗೆದ್ದಾಗ ಅಲ್ಲಿಯ ದೇವಾಲಯವನ್ನು ಕೆಡವಿಸಿ ಮಸೀದಿಗೆ ಅಡಿಗಲ್ಲಿರಿಸಿದನೆಂದು ಫಿರಿಶ್ತಾ ದಾಖಲಿಸಿದ್ದಾನೆ.

ವಿಜಯಪುರ ನಗರ ಇಂದು ಕಾಣುವ ರೂಪವನ್ನು ಪಡೆದುದು ಬಹುಮಟ್ಟಿಗೆ ಅಲಿಯಿಂದ. 1561ರ ಗಗನಮಹಲು, 1565ರ ಹೊತ್ತಿಗೆ ಮುಗಿದ ಹೊರಕೋಟೆ, ಜಾಮಿಯಾ ಮಸೀದಿ, 1579ರ ಚಾಂದಬಾವಡಿ ಇವು ಅವನ ಕಾಲದವು. ತಿಕೋಟಾ ದಾರಿಯಲ್ಲಿರುವ ತೊರವಿಯ ಕಡೆಯಿಂದ ನಗರಕ್ಕೆ ನೆಲದಡಿಯ ಸುರಂಗದಲ್ಲಿ ನೀರು ತಂದ ವ್ಯವಸ್ಥೆಯ ಆರಂಭವನ್ನೂ ಅವನಿಗೆ ಸಲ್ಲಿಸುವ ವಾಡಿಕೆಯಿದೆ. ಬರದ ನಾಡಿನಲ್ಲಿ ನೀರು ತಂದವನನ್ನು ಜನ ಬೇಗ ಮರೆಯುವುದಿಲ್ಲ. ಆದರೆ ಅಲಿಯ ವಿಷಯದಲ್ಲಿ ಹಾಗಾದಂತೆ ತೋರುವುದಿಲ್ಲ.

ಅವನಿಗೆ ಮಕ್ಕಳಿರಲಿಲ್ಲ. 1579ರಲ್ಲಿ ತಮ್ಮನಾದ ತಹಮಾಸ್ಪನ ಮಗ ಇಬ್ರಾಹಿಮನನ್ನು ಉತ್ತರಾಧಿಕಾರಿಯೆಂದು ಸಾರಿದನು. ಅದೇ ಸುಮಾರಿನಲ್ಲಿ ಅಹಮದನಗರದ ಮುರ್ತಜಾ ನಿಜಾಮಶಾಹನು ಬೀದರಿಗೆ ಮುತ್ತಿಗೆ ಹಾಕಿದನು. ಬೀದರಿನ ಅಲಿ ಬರೀದ ನೆರವು ಬೇಡಿದನು. ಅವನ ಬಳಿ ಇಬ್ಬರು ರೂಪವಂತ ಖೋಜಾಗಳಿದ್ದರು; ಅವರನ್ನು ತನಗೆ ಕಳುಹಿಸಿದರೆ ಸೈನ್ಯ ಬರುವುದೆಂದು ವಿಜಯಪುರದಿಂದ ಉತ್ತರ ಹೋಯಿತು. ಬರೀದ ಒಪ್ಪಿದನು, ಕುದುರೆದಳ ಹೋಯಿತು, ಮುತ್ತಿಗೆ ತೆರವಾಯಿತು, ಖೋಜಾಗಳು ಬಂದರು. ಅವರಲ್ಲೊಬ್ಬನು ಉಡುಪಿನಲ್ಲಿ ಬಚ್ಚಿಟ್ಟುಕೊಂಡಿದ್ದ ಚೂರಿಯಿಂದ ಅರಸನನ್ನು ಇರಿದನು. ಹಿಜರಿ 988ರ ಸಫರ್ ತಿಂಗಳ 23ರ ರಾತ್ರಿ ಅದು. ಅಕ್ಬರನ ರಾಯಭಾರಿಯಾಗಿ ಬಂದಿದ್ದ ಹಕೀಮ್ ಅಲಿ ಗೀಲಾನಿ ಆಗ ಊರಿನಲ್ಲಿಯೇ ಇದ್ದನು. ಹೀಗಾಗಿ ಸುದ್ದಿ ಮೊಗಲರ ದಾಖಲೆಗಳಿಗೂ ಸೇರಿತು.

ಈ ಕಥನದ ಮುಖ್ಯ ಆಕರ ಫಿರಿಶ್ತಾ. ಅವನು ವಿಜಯಪುರಕ್ಕೆ ಬಂದುದು 1589ರಲ್ಲಿ. ಬರೆದುದು ಸತ್ತವನ ಅಣ್ಣತಮ್ಮಂದಿರ ಮಗನಾದ ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ. ಅಂದರೆ ಕಣ್ಣಾರೆ ಕಂಡವನಲ್ಲ. ಆದರೂ ಆಶ್ರಯದಾತನ ದೊಡ್ಡಪ್ಪನ ಬಗೆಗೆ ಇಂಥ ಸಂಗತಿಯನ್ನು ಅವನು ಮುಚ್ಚಿಡದೆ ಬರೆದಿರುವುದರಿಂದ, ಅದು ಆಗ ಎಲ್ಲರಿಗೂ ತಿಳಿದಿದ್ದ ಮಾತಾಗಿತ್ತೆಂದು ಊಹಿಸಬಹುದು. ವಿಜಯಪುರದವನೇ ಆದ ಇಬ್ರಾಹಿಂ ಜುಬೇರಿಯ ಬಸಾತೀನುಸ್ಸಲಾತೀನ್ 1824ರಷ್ಟು ತಡವಾದುದು. ಫಿರಿಶ್ತಾನ ಕೃತಿಯನ್ನು ಜಾನ್ ಬ್ರಿಗ್ಸ್ 1829ರಲ್ಲಿ ಇಂಗ್ಲಿಷಿಗೆ ತಂದನು. ಅಲ್ಲಿಂದ ಈಚೆಗೆ ನಮ್ಮವರು ಅಲಿಯನ್ನು ಅರಿತುದು ಹೆಚ್ಚಾಗಿ ಇಂಗ್ಲಿಷಿನ ಮೂಲಕವೇ. ಇತ್ತೀಚೆಗೆ ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರವು ಆದಿಲ್‌ಶಾಹಿ ಕಾಲದ ಪರ್ಷಿಯನ್ ಮತ್ತು ದಖನಿ ಗ್ರಂಥಗಳನ್ನು ಕನ್ನಡಕ್ಕೆ ತರಿಸಿರುವುದರಿಂದ ಈ ಪರಾವಲಂಬನೆ ಕಡಿಮೆಯಾಗಿದೆ.

ಇನ್ನು ಧರ್ಮಶಾಸ್ತ್ರದ ಪ್ರಶ್ನೆ. ಗಂಡಸರಿಬ್ಬರ ಕೂಟವನ್ನು ಇಸ್ಲಾಮಿನ ನ್ಯಾಯಶಾಸ್ತ್ರ ಲಿವಾತ್ ಎಂದು ಕರೆದು ಪಾಪವೆಂದು ಪರಿಗಣಿಸುತ್ತದೆ. ಇದರಲ್ಲಿ ಪಂಥಗಳ ನಡುವೆ ಭೇದವಿಲ್ಲ. ಭೇದವಿರುವುದು ಶಿಕ್ಷೆಯಲ್ಲಿ. ಅಬೂ ಹನೀಫಾರ ಮತದಂತೆ ಇದು ಕುರಾನು ನಿಗದಿಪಡಿಸಿದ ದಂಡಕ್ಕೆ ಒಳಪಡುವುದಿಲ್ಲ. ನ್ಯಾಯಾಧೀಶನ ವಿವೇಚನೆಗೆ ಬಿಟ್ಟದ್ದು. ಶಾಫಿ ಪಂಥ ಇದನ್ನು ವ್ಯಭಿಚಾರದ ಸಾಲಿಗೆ ಸೇರಿಸುತ್ತದೆ. ಶಿಯಾಗಳ ಜಾಫರಿ ಶಾಸ್ತ್ರದಲ್ಲಿ ಮರಣದಂಡನೆಯವರೆಗೂ ಹೋಗಬಹುದು, ಆದರೆ ನಾಲ್ವರು ಸಾಕ್ಷಿಗಳು ಇಲ್ಲವೇ ನಾಲ್ಕು ಬಾರಿಯ ತಪ್ಪೊಪ್ಪಿಗೆ ಬೇಕು. ತಂದೆಯ ಹನಫಿ ಪಂಥವನ್ನು ಬಿಟ್ಟು ಅಲಿ ಆಯ್ದುಕೊಂಡ ಪಂಥವೇ ಈ ವಿಷಯದಲ್ಲಿ ಹೆಚ್ಚು ಕಠಿಣವಾದುದು ಎಂಬ ವಿಪರ್ಯಾಸವನ್ನು ಗಮನಿಸಬೇಕು. ಸಾಕ್ಷ್ಯದ ನಿಯಮ ಅಷ್ಟು ಬಿಗಿಯಾಗಿದ್ದುದರಿಂದ ಮುಚ್ಚಿದ ಬಾಗಿಲಿನ ಹಿಂದಿನ ಬದುಕು ಶಾಸ್ತ್ರದ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲವೆಂಬುದೂ ನಿಜ.

ಶಾಸ್ತ್ರದ ಪಕ್ಕದಲ್ಲಿಯೇ ಕಾವ್ಯವಿತ್ತು. ಪರ್ಷಿಯನ್ ಭಾಷೆಯಲ್ಲಿ ವ್ಯಾಕರಣಲಿಂಗವಿಲ್ಲ; ಗಜಲಿನ ಪ್ರಿಯಜನ ಗಂಡೋ ಹೆಣ್ಣೋ ದೇವರೋ ಎಂಬುದು ತೆರೆದೇ ಉಳಿಯುತ್ತದೆ. ಗಜನಿಯ ಮಹಮೂದನೂ ಅವನ ಗುಲಾಮ ಅಯಾಜನೂ ಸೂಫಿಗಳಿಗೆ ಆದರ್ಶ ಪ್ರೇಮದ ದೃಷ್ಟಾಂತವಾದರು. ಚೆಲುವಾದ ಮುಖದಲ್ಲಿ ದೈವದ ಚೆಲುವನ್ನು ಕಾಣುವ ಸಾಧನೆಯನ್ನು ಕೆಲವು ಸೂಫಿಗಳು ಒಪ್ಪಿದರು, ಉಲೇಮಾಗಳು ಖಂಡಿಸಿದರು. ಗುಲಾಮನ ಮೇಲಿನ ಅರಸನ ಒಲವು ಕಾವ್ಯದಲ್ಲಿ ಸ್ತುತ್ಯ, ಫತ್ವಾದಲ್ಲಿ ನಿಂದ್ಯ, ಚರಿತ್ರೆಯಲ್ಲಿ ರಾಜಕೀಯ ದೌರ್ಬಲ್ಯ. ಅಲ್ಲಾವುದ್ದೀನ್ ಖಿಲ್ಜಿ ಮತ್ತು 1311ರಲ್ಲಿ ದೋರಸಮುದ್ರದ ಮೇಲೆ ದಂಡೆತ್ತಿ ಬಂದ ಮಲಿಕ್ ಕಾಫೂರರ ಬಗೆಗೆ ಬರನಿ ಬರೆದುದೂ ಈ ಮೂರನೆಯ ದೃಷ್ಟಿಯಿಂದಲೇ.

ನೆರೆಯ ಧರ್ಮಗಳ ನಿಲುವುಗಳೂ ಒಂದೇ ಬಗೆಯವಲ್ಲ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಇದನ್ನು ಜಾತಿಭ್ರಂಶಕರ ದೋಷಗಳಲ್ಲಿ ಎಣಿಸುತ್ತದೆ. ಪ್ರಾಯಶ್ಚಿತ್ತವಾಗಿ ಅದೇ ಅಧ್ಯಾಯ ವಿಧಿಸುವುದು ಉಟ್ಟ ಬಟ್ಟೆಯಲ್ಲಿ ಸ್ನಾನ. ಅತ್ತ ಗೋವೆಯಲ್ಲಿ 1560ರಲ್ಲಿ ಸ್ಥಾಪನೆಗೊಂಡ ಇನ್‌ಕ್ವಿಜಿಶನ್ನಿನ ಅಧಿಕಾರವ್ಯಾಪ್ತಿಗೆ ಈ ಅಪರಾಧವೂ ಸೇರಿತ್ತು. ಅದರ ಮರುವರ್ಷವೇ ಗೋವೆಯ ಪಾದ್ರಿಗಳು ಅಲಿಯ ಮುಂದೆ ಕುಳಿತು ಧರ್ಮದ ಮಾತನಾಡಿದರು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳುವುದು ಅವಶ್ಯ. ಖೋಜಾ ಎಂಬ ಶಬ್ದಕ್ಕೆ ನಮ್ಮಲ್ಲಿ ನಪುಂಸಕ, ಹಿಜಡಾ, ಷಂಡ ಎಂಬ ಪರ್ಯಾಯಗಳನ್ನು ಒಂದೇ ಉಸಿರಿನಲ್ಲಿ ಬಳಸಲಾಗುತ್ತದೆ. ಇದು ಸರಿಯಲ್ಲ. ಖೋಜಾ ಎಂದರೆ ಬಲಾತ್ಕಾರದಿಂದ ಬೀಜ ಒಡೆಸಿ ಅಂತಃಪುರದ ಕೆಲಸಕ್ಕೆ ಮಾರಲ್ಪಟ್ಟ ಗುಲಾಮ. ಅವನು ತನ್ನ ಇಚ್ಛೆಯಿಂದ ಲಿಂಗವನ್ನು ದಾಟಿದವನಲ್ಲ. ಮನುಷ್ಯನಿಗೆ ಹೀಗೆ ಮಾಡುವುದನ್ನು ಇಸ್ಲಾಮಿನ ಶಾಸ್ತ್ರ ನಿಷೇಧಿಸಿದೆ. ಆದರೆ ಬೇರೆಯವರು ಮಾಡಿದ್ದನ್ನು ಕೊಂಡುಕೊಳ್ಳುವ ಪದ್ಧತಿ ಆಸ್ಥಾನಗಳಲ್ಲಿ ನಿರಾತಂಕವಾಗಿ ನಡೆಯಿತು. ಹುಟ್ಟಿನಿಂದಲೇ ಗಂಡು-ಹೆಣ್ಣೆಂದು ನಿರ್ಧರಿಸಲಾಗದವರನ್ನು ಶಾಸ್ತ್ರ ಖುನ್ಸಾ ಎಂದು ಬೇರೆಯಾಗಿ ಗುರುತಿಸಿ, ಅವರ ಆಸ್ತಿಪಾಲು, ನಮಾಜಿನ ಸಾಲು ಮೊದಲಾದವನ್ನು ವಿವರವಾಗಿ ಚರ್ಚಿಸುತ್ತದೆ. ಹೆಣ್ಣಿನ ನಡೆನುಡಿಯ ಗಂಡಸಿಗೆ ಮುಖನ್ನಸ್ ಎಂಬ ಇನ್ನೊಂದು ಹೆಸರು. ಅಲಿಯ ಶಿಯಾ ಪಂಥದ ಇತ್ತೀಚಿನ ಚರಿತ್ರೆಯಲ್ಲಿ ಮತ್ತೊಂದು ತಿರುವಿದೆ: ಇರಾನಿನಲ್ಲಿ ಆಯತೊಲ್ಲಾ ಖೊಮೇನಿಯವರು 1980ರ ದಶಕದಲ್ಲಿ ಲಿಂಗಪರಿವರ್ತನೆಯ ಶಸ್ತ್ರಚಿಕಿತ್ಸೆ ಸಮ್ಮತವೆಂದು ಫತ್ವಾ ನೀಡಿದರು, ಅಲ್ಲಿ ಸಲಿಂಗಕೂಟ ಮಾತ್ರ ಘೋರ ಅಪರಾಧವಾಗಿಯೇ ಉಳಿಯಿತು. ಎರಡನ್ನೂ ಒಂದೇ ಎಂದು ತಿಳಿಯುವವರಿಗೆ ಈ ಒಂದು ಉದಾಹರಣೆ ಸಾಕು.

ವಿಜಯಪುರ ಸೀಮೆಯ ಜನಧರ್ಮವಂತೂ ಲಿಂಗ ದಾಟುವುದನ್ನು ತನ್ನದೇ ರೀತಿಯಲ್ಲಿ ಅರ್ಥಮಾಡಿಕೊಂಡಿದೆ. ಅಥಣಿಯ ದಾರಿಯ ತಿಕೋಟಾ, ಜಮಖಂಡಿಯ ದಾರಿಯ ಬಬಲೇಶ್ವರ ಮುಂತಾದ ಊರುಗಳ ಸುತ್ತಲ ಹಳ್ಳಿಗಳಿಂದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಜೋಗಪ್ಪನನ್ನು ಕಂಡರೆ ಕೈಮುಗಿಯುತ್ತಾರೆ. ಗಂಡಾಗಿ ಹುಟ್ಟಿದವನ ಮೈಮೇಲೆ ಎಲ್ಲಮ್ಮ ಬಂದು ಸೀರೆ ಉಡಿಸಿದಳೆಂಬುದು ಅಲ್ಲಿಯ ನಂಬಿಕೆ. ಮುತ್ತು ಕಟ್ಟಿಸಿಕೊಂಡ ಮೇಲೆ ಅವನು ದೇವಿಯ ಕೊಡ ಹೊರುತ್ತಾನೆ, ಚೌಡಕಿಯ ಪದ ಹಾಡುತ್ತಾನೆ. ಜೋಗಪ್ಪಗಳಲ್ಲಿ ಅಂಗಚ್ಛೇದ ಕಡ್ಡಾಯವಲ್ಲ. ಹಿಜಡಾ ಪರಂಪರೆಗಿಂತ ಅವರು ಬೇರೆಯಾಗುವುದು ಮುಖ್ಯವಾಗಿ ಇಲ್ಲಿ. ಗೌರವದ ಜೊತೆಗೆ ಬಡತನವೂ ಮನೆಯವರ ತಿರಸ್ಕಾರವೂ ಅವರ ಬೆನ್ನಿಗಿವೆ ಎಂಬುದನ್ನು ಮರೆತು ಬರೆಯುವ ಜಾನಪದ ಲೇಖನಗಳ ಬಗೆಗೆ ನನಗೆ ತಕರಾರಿದೆ.

ಶರಣರ ಶರಣಸತಿ-ಲಿಂಗಪತಿ ಭಾವದಲ್ಲಿ ಗಂಡಸಾದ ಭಕ್ತ ತಾನು ಹೆಣ್ಣಾಗಿ ಲಿಂಗವನ್ನು ಪತಿಯೆಂದು ವರಿಸುತ್ತಾನೆ. ಎರಡನೆಯ ಅಲಿಯ ಆಸ್ಥಾನದ ಕವಿ ಹಾಶಿಮಿ ಬಿಜಾಪುರಿ ದಖನಿಯಲ್ಲಿ ಹೆಣ್ಣಿನ ದನಿಯಲ್ಲಿ ಬರೆದು, ಮುಂದೆ ರೇಖ್ತಿ ಎನಿಸಿದ ಕಾವ್ಯಪ್ರಕಾರಕ್ಕೆ ದಾರಿ ತೆರೆದನು. ಭಕ್ತಿಯ ಹೆಣ್ತನ, ಕಾವ್ಯದ ಹೆಣ್ತನ, ಜೋಗಪ್ಪನ ಬದುಕಿನ ಹೆಣ್ತನ ಇವು ಒಂದೇ ಅಲ್ಲ. ಆದರೆ ಇವೆಲ್ಲ ಒಂದೇ ಸೀಮೆಯಲ್ಲಿ ಬೆಳೆದವು. ಇವುಗಳಿಗೆ ಧರ್ಮದ ಭಾಷೆಯೇ ಆಸರೆಯಾಯಿತು.

ಇವುಗಳ ಬೆಳಕಿನಲ್ಲಿ ಅಲಿಯ ಮರಣವನ್ನು ಮತ್ತೆ ಓದಿದರೆ ಅದರಲ್ಲಿ ಎದ್ದು ಕಾಣುವುದು ಪುರುಷನಿಗೆ ಪುರುಷನ ಮೇಲೆ ಮೂಡಿದ ಬಯಕೆಯಲ್ಲ. ಒಂದು ಸಂಸ್ಥಾನದ ಸಂಕಟವನ್ನು ಬಳಸಿಕೊಂಡು ಮತ್ತೊಂದು ಸಂಸ್ಥಾನ ಇಬ್ಬರು ಮನುಷ್ಯರನ್ನು ಬೆಲೆಯಾಗಿ ಪಡೆಯಿತು. ಅವರನ್ನು ಕೇಳಿದವರಿಲ್ಲ. ಅಲಿ ಬರೀದ ಕೊಟ್ಟನು, ಅಲಿ ಆದಿಲ್‌ಶಾಹ ಪಡೆದನು. ಚೂರಿ ಹಿಡಿದವನ ಹೆಸರು ಸಹ ಪ್ರಚಲಿತ ಕಥನಗಳಲ್ಲಿ ಉಳಿದಿಲ್ಲ. ಬೀದರಿನಿಂದ ದಾಸಿಯೊಬ್ಬಳನ್ನು ಹೀಗೆ ತರಿಸಿಕೊಂಡು ಅವಳು ಇರಿದಿದ್ದರೆ, ನಮ್ಮ ಚರಿತ್ರಕಾರರು ಅವಳನ್ನು ಮಾನ ಕಾಯ್ದುಕೊಂಡವಳೆಂದು ಬಣ್ಣಿಸುತ್ತಿದ್ದರು ಮತ್ತು ಅರಸನ ಹೆಣ್ಣಿನ ಬಯಕೆಯನ್ನೇ ವಿಕೃತಿಯೆಂದು ಕರೆಯುತ್ತಿರಲಿಲ್ಲ. ಖೋಜಾನ ವಿಷಯದಲ್ಲಿ ಮಾತ್ರ ಬಯಕೆಯೇ ಅಪರಾಧವಾಗಿ, ಬಲಾತ್ಕಾರ ಹಿಂದೆ ಸರಿಯಿತು. ಈ ತಪ್ಪು ಓದಿಗೆ ವಸಾಹತು ಕಾಲದ ನೀತಿಕಲ್ಪನೆ ಬಹುಮಟ್ಟಿಗೆ ಹೊಣೆ. 1860ರ ಭಾರತ ದಂಡಸಂಹಿತೆಯ 377ನೆಯ ಕಲಮು ಒಪ್ಪಿತ ಸಂಬಂಧಕ್ಕೂ ಬಲಾತ್ಕಾರಕ್ಕೂ ಭೇದವೆಣಿಸಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಅದರಿಂದ ಹೊರತೆಗೆದು ಆ ಭೇದವನ್ನು ಸ್ಥಾಪಿಸಿತು. ಕಾನೂನು ಬಿಡಿಸಿದ ಗಂಟನ್ನು ಚರಿತ್ರೆಯ ಓದು ಇನ್ನೂ ಬಿಡಿಸಿಕೊಳ್ಳಬೇಕಾಗಿದೆ. ಅಲಿಯ ಬದುಕಿನಿಂದ ಆ ರಾತ್ರಿಯನ್ನು ಅಳಿಸುವ ಭಕ್ತರೂ, ಆ ರಾತ್ರಿಯಿಂದ ಒಂದು ಮತವನ್ನೇ ಹಳಿಯುವ ವಿರೋಧಿಗಳೂ ನಮ್ಮಲ್ಲಿದ್ದಾರೆ. ಇಬ್ಬರೂ ಆ ಖೋಜಾನತ್ತ ನೋಡುವುದಿಲ್ಲ.

ಸಮಕಾಲೀನರ ಧಾರ್ಮಿಕ ತೀರ್ಪು ಇವೆರಡಕ್ಕಿಂತ ಭಿನ್ನವಾಗಿತ್ತು. ಅಲಿಯ ಮರಣದ ವರ್ಷವನ್ನು ಸೂಚಿಸಲು ರಚಿತವಾದ ಪರ್ಷಿಯನ್ ಕಾಲಸೂಚಕ ವಾಕ್ಯದ ಅಕ್ಷರಗಳ ಮೌಲ್ಯವನ್ನು ಕೂಡಿಸಿದರೆ 988 ಬರುತ್ತದೆ. ಆ ವಾಕ್ಯ ಅವನನ್ನು ಶಹೀದನೆಂದು, ಅಂದರೆ ಹುತಾತ್ಮನೆಂದು ಕರೆಯುತ್ತದೆ. ಅನ್ಯಾಯವಾಗಿ ಕೊಲೆಯಾದ ಮುಸ್ಲಿಮನಿಗೆ ಈ ಪದ ಸಲ್ಲುವುದು ರೂಢಿ. ಕಾರಣ ಗೊತ್ತಿದ್ದೂ ಕವಿ ಹಿಂಜರಿಯಲಿಲ್ಲ.

ಒಂಬತ್ತು ವರ್ಷದ ಇಬ್ರಾಹಿಂ ಪಟ್ಟಕ್ಕೆ ಬಂದನು. ಆಡಳಿತದ ಹೊಣೆ ವಿಧವೆ ಚಾಂದಬೀಬಿಯ ಮೇಲೆ ಬಿತ್ತು. ಕಾಮಿಲ್ ಖಾನ್, ಕಿಶ್ವರ್ ಖಾನ್, ಇಖ್ಲಾಸ್ ಖಾನರ ಜಗಳಗಳಲ್ಲಿ ಅವಳು ಸಾತಾರೆಯ ಕೋಟೆಯಲ್ಲಿ ಸೆರೆಯನ್ನೂ ಕಂಡಳು. ಬಳಿಕ ಅಧಿಕಾರ ಹಿಡಿದ ಹಬ್ಶಿ ದಿಲಾವರ್ ಖಾನನು ರಾಜ್ಯವನ್ನು ಮತ್ತೆ ಸುನ್ನಿ ಪಂಥಕ್ಕೆ ತಿರುಗಿಸಿದನು. ಅಲಿ ಹೂಳಲ್ಪಟ್ಟ ರೋಜಾ ನಗರದ ನೈರುತ್ಯ ಭಾಗದಲ್ಲಿದೆ. ಗುಮ್ಮಟವಿಲ್ಲ, ಕೆತ್ತನೆಯಿಲ್ಲ, ನಡುವೆ ಒಂದು ಉದ್ದನೆಯ ಕೋಣೆ, ಸುತ್ತ ಕಮಾನಿನ ಪಡಸಾಲೆ. ಇಬ್ರಾಹಿಂ ರೋಜಾ ನೋಡಲು ಬರುವ ಪ್ರವಾಸಿಗಳಲ್ಲಿ ಇಲ್ಲಿಯವರೆಗೆ ಬರುವವರು ವಿರಳ.